ಪದಕ ಸಿಕ್ಕಿತು, ಪರದೆ ಸಿಗಲಿಲ್ಲ

ಇವತ್ತು ರಾಜಕೀಯ ಬೇಡ. ಯಾರು ದೆಹಲಿಗೆ ಹೋದರು, ಯಾರು ಯಾರ ಮನೆಯಲ್ಲಿ ತಿಂಡಿ ತಿಂದರು, ಅದೆಲ್ಲ ನಾಳೆಗೂ ಇರುತ್ತೆ. ಇವತ್ತು ಒಂದು ತಪ್ಪೊಪ್ಪಿಗೆ ಇದೆ. ನಂದೇ ತಪ್ಪು. ನಮ್ಮ ನ್ಯೂಸ್ ರೂಮಿನ ತಪ್ಪು.

2025ರ ಆಗಸ್ಟ್ 1ನೇ ತಾರೀಕು 71ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳ ಪಟ್ಟಿ ಬಂತು. ಶಾರುಖ್ ಖಾನ್‌ಗೆ ಮೊದಲ ಬಾರಿಗೆ ರಾಷ್ಟ್ರಪ್ರಶಸ್ತಿ. ಸಂಜೆಯಿಂದ ರಾತ್ರಿವರೆಗೂ ಅದನ್ನೇ ತೋರಿಸಿದೆವು. ಹಾಡು ಹಾಕಿದೆವು, ಡ್ಯಾನ್ಸ್ ಹಾಕಿದೆವು. ಅದೇ ಪಟ್ಟಿಯಲ್ಲಿ ಅತ್ಯುತ್ತಮ ಕನ್ನಡ ಚಿತ್ರ ಅಂತ 'ಕಂದೀಲು' ಹೆಸರಿತ್ತು. ಅದನ್ನ ಎಲ್ಲಿ ತೋರಿಸಿದೆವು ಗೊತ್ತಾ? ಪರದೆಯ ಕೆಳಗಡೆ ಓಡುತ್ತಲ್ಲ, ಆ ಪಟ್ಟಿಯಲ್ಲಿ. ಚಿನ್ನದ ಬೆಲೆ, ಆಮೇಲೆ 'ಕಂದೀಲು', ಆಮೇಲೆ ಮಳೆ ಮುನ್ಸೂಚನೆ.

ಮಾರನೇ ದಿನ ಆಫೀಸಿಗೆ ಒಂದು ಫೋನ್ ಬಂತು. ಮಲೆನಾಡಿನ ಕಡೆಯ ಒಬ್ಬ ನಿವೃತ್ತ ಮೇಷ್ಟ್ರು. ಬೈಯ್ಯೋದಕ್ಕೆ ಮಾಡಿದ್ದಲ್ಲ. ಒಂದೇ ಪ್ರಶ್ನೆ ಕೇಳಿದರು: "ಸಾರ್, ಈ ಪ್ರಶಸ್ತಿ ಬಂದ ಸಿನಿಮಾಗಳನ್ನ ನಮ್ಮಂಥವರು ಎಲ್ಲಿ ನೋಡಬೇಕು? ನಮ್ಮ ತಾಲ್ಲೂಕಿನವರೇ ಆದ ಕಾಸರವಳ್ಳಿಯವರದ್ದು ಅರ್ಧ ಸಿನಿಮಾನೂ ನಾನು ನೋಡಿಲ್ಲ. ಹೆಸರು ಮಾತ್ರ ಪೇಪರಿನಲ್ಲಿ ಓದಿದ್ದೀನಿ." ನಾನು, "ವಿಚಾರಿಸಿ ಹೇಳ್ತೀನಿ ಮೇಷ್ಟ್ರೇ" ಅಂದು ಫೋನ್ ಇಟ್ಟೆ. ಉತ್ತರ ನನ್ನ ಹತ್ತಿರ ಇರಲಿಲ್ಲ. ಅವತ್ತಿಂದ ಆ ಪ್ರಶ್ನೆ ನನ್ನ ತಲೆಯಲ್ಲೇ ಕೂತಿದೆ. ಅದಕ್ಕೇ ಇವತ್ತಿನ ಮಾತು.

ಗಿರೀಶ್ ಕಾಸರವಳ್ಳಿ. ಹೆಸರು ಗೊತ್ತಿಲ್ಲದ ಕನ್ನಡಿಗ ಇಲ್ಲ. ಸಿನಿಮಾ ನೋಡಿದ ಕನ್ನಡಿಗ? ಅಲ್ಲಿ ಕೈ ಎತ್ತೋರು ಕಡಿಮೆ.

ಮೊದಲು ಲೆಕ್ಕ ಒಪ್ಪಿಸ್ತೀನಿ. ಭಾರತ ಸರ್ಕಾರ ವರ್ಷಕ್ಕೊಂದು ಅತ್ಯುತ್ತಮ ಚಿತ್ರಕ್ಕೆ ಸ್ವರ್ಣಕಮಲ ಕೊಡುತ್ತೆ. ಇಡೀ ದೇಶದ ಎಲ್ಲಾ ಭಾಷೆಗಳ ಸಿನಿಮಾಗಳು ಸ್ಪರ್ಧೆಗೆ ನಿಲ್ಲುತ್ತವೆ. ಈ ಪ್ರಶಸ್ತಿ ಕನ್ನಡ ಸಿನಿಮಾಗಳಿಗೆ ಇದುವರೆಗೆ ಬಂದಿರೋದು ಆರು ಸಲ. 1970ರ 'ಸಂಸ್ಕಾರ', 1975ರ 'ಚೋಮನ ದುಡಿ', 1977ರ 'ಘಟಶ್ರಾದ್ಧ', 1986ರ 'ತಬರನ ಕಥೆ', 1997ರ 'ತಾಯಿ ಸಾಹೇಬ', 2001ರ 'ದ್ವೀಪ'. ಈ ಆರರಲ್ಲಿ ಕೊನೆಯ ನಾಲ್ಕು ಒಬ್ಬನೇ ನಿರ್ದೇಶಕನದ್ದು. ದೇಶದಲ್ಲಿ ಸತ್ಯಜಿತ್ ರಾಯ್ ಅವರಿಗೆ ಆರು ಸಲ ಬಂದಿದೆ. ಆ ಎತ್ತರದ ಸಾಲಿನಲ್ಲಿ ನಮ್ಮ ತೀರ್ಥಹಳ್ಳಿಯ ಒಬ್ಬರು ನಿಂತಿದ್ದಾರೆ. ಇನ್ನೂ ಒಂದು ಮಾತು: 'ದ್ವೀಪ' ಆದಮೇಲೆ ಇಪ್ಪತ್ತು ವರ್ಷದ ಮೇಲಾಯಿತು, ಆ ಪ್ರಶಸ್ತಿ ಮತ್ತೆ ಯಾವ ಕನ್ನಡ ಸಿನಿಮಾಕ್ಕೂ ಬಂದಿಲ್ಲ.

ಇದು ದೊಡ್ಡ ಪ್ರಶಸ್ತಿಯ ಲೆಕ್ಕ ಮಾತ್ರ. 'ಬಣ್ಣದ ವೇಷ', 'ಕ್ರೌರ್ಯ', 'ಗುಲಾಬಿ ಟಾಕೀಸ್', 'ಕನಸೆಂಬೋ ಕುದುರೆಯನೇರಿ', 'ಕೂರ್ಮಾವತಾರ' ಇವೆಲ್ಲ ಆಯಾ ವರ್ಷದ ಅತ್ಯುತ್ತಮ ಕನ್ನಡ ಚಿತ್ರ ಅಂತ ರಾಷ್ಟ್ರಪ್ರಶಸ್ತಿ ಪಡೆದವು. 2011ರಲ್ಲಿ ಪದ್ಮಶ್ರೀ ಬಂತು. ರಾಜ್ಯ ಪ್ರಶಸ್ತಿಗಳನ್ನ ಎಣಿಸ್ತಾ ಹೋದರೆ ಕಾರ್ಯಕ್ರಮದ ಟೈಮ್ ಮುಗಿದುಹೋಗುತ್ತೆ.

ಆದರೆ ನಾನು ಇಲ್ಲಿ ಸನ್ಮಾನ ಪತ್ರ ಓದೋಕೆ ಕೂತಿಲ್ಲ. ಈ ಮನುಷ್ಯ ಎಲ್ಲಿಂದ ಬಂದರು ಅನ್ನೋದನ್ನ ಸ್ವಲ್ಪ ನೋಡೋಣ.

ಹುಟ್ಟಿದ್ದು 1950ರ ಡಿಸೆಂಬರ್ 3ಕ್ಕೆ, ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನಲ್ಲಿ. ಓದಿದ್ದು ಏನು ಗೊತ್ತಾ? ಮಣಿಪಾಲದಲ್ಲಿ ಬಿ.ಫಾರ್ಮ. ಔಷಧಿ ಓದು. ಆ ದಾರಿಯಲ್ಲೇ ಹೋಗಿದ್ದಿದ್ದರೆ ಇವತ್ತು ಯಾವುದೋ ಕಂಪನಿಯಿಂದ ನಿವೃತ್ತರಾಗಿ ಆರಾಮಾಗಿ ಇರುತ್ತಿದ್ದರೋ ಏನೋ. ಆದರೆ ಮನೆಯ ಗಾಳಿಯೇ ಬೇರೆ ಇತ್ತು. ಹೆಗ್ಗೋಡಿನಲ್ಲಿ ನೀನಾಸಂ ಕಟ್ಟಿದ, ಮುಂದೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಕೆ.ವಿ. ಸುಬ್ಬಣ್ಣ ಇವರ ಸೋದರಮಾವ. ಅಡಿಕೆ ತೋಟದ ನಡುವೆ ಕೂತು ಜಗತ್ತಿನ ನಾಟಕ, ಜಗತ್ತಿನ ಸಿನಿಮಾ ಬಗ್ಗೆ ಮಾತಾಡಬಹುದು ಅಂತ ತೋರಿಸಿಕೊಟ್ಟವರು. ಔಷಧಿ ಓದಿದ ಹುಡುಗ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಸೇರಿದ. 1975ರಲ್ಲಿ ಚಿನ್ನದ ಪದಕದೊಂದಿಗೆ ಹೊರಬಿದ್ದ. ವಿದ್ಯಾರ್ಥಿಯಾಗಿ ಮಾಡಿದ 'ಅವಶೇಷ್' ಅನ್ನೋ ಕಿರುಚಿತ್ರಕ್ಕೇ ರಾಷ್ಟ್ರಪ್ರಶಸ್ತಿ. ಆಮೇಲೆ ಬಿ.ವಿ. ಕಾರಂತರ 'ಚೋಮನ ದುಡಿ'ಗೆ ಸಹಾಯಕನಾಗಿ ದುಡಿಮೆ.

ಮುಂದೆ 1977. ಸದಾನಂದ ಸುವರ್ಣ ಅನ್ನೋ ರಂಗಕರ್ಮಿ ದುಡ್ಡು ಹಾಕಿದರು. ಯು.ಆರ್. ಅನಂತಮೂರ್ತಿಯವರ ಕಥೆ. ಕಪ್ಪು ಬಿಳುಪು ಚಿತ್ರ. ಒಂದು ವೇದ ಪಾಠಶಾಲೆ, ಅಲ್ಲಿಗೆ ಬಂದ ನಾಣಿ ಅನ್ನೋ ಪುಟ್ಟ ಹುಡುಗ, ಆ ಮನೆಯ ವಿಧವೆ ಮಗಳು ಯಮುನಕ್ಕ. ಯಮುನಕ್ಕ ಬಸಿರಾಗ್ತಾಳೆ. ಬದುಕಿರುವ ಮಗಳಿಗೆ ಅಪ್ಪನೇ ಶ್ರಾದ್ಧ ಮಾಡಿ ಕೈ ತೊಳ್ಕೊಳ್ತಾನೆ. ಇದನ್ನೆಲ್ಲ ಆ ಹುಡುಗನ ಕಣ್ಣಿಂದ ನಾವು ನೋಡ್ತೀವಿ. ಆ ಸಿನಿಮಾ ಮಾಡಿದಾಗ ಕಾಸರವಳ್ಳಿಯವರಿಗೆ ಇಪ್ಪತ್ತಾರು, ಇಪ್ಪತ್ತೇಳು ವಯಸ್ಸು. ಮೊದಲ ಸಿನಿಮಾ, ಮೊದಲ ಸ್ವರ್ಣಕಮಲ. ಸಂಗೀತಕ್ಕೆ ಕಾರಂತರಿಗೆ ಪ್ರಶಸ್ತಿ, ನಾಣಿ ಪಾತ್ರ ಮಾಡಿದ ಹುಡುಗನಿಗೂ ಪ್ರಶಸ್ತಿ.

ಸರಿ. ಮೊದಲ ಸಿನಿಮಾಕ್ಕೇ ದೇಶದ ಅತಿ ದೊಡ್ಡ ಪ್ರಶಸ್ತಿ ಬಂತು. ಇಂಥವರ ಮನೆ ಮುಂದೆ ನಿರ್ಮಾಪಕರು ಸಾಲುಗಟ್ಟಿ ನಿಲ್ಲಬೇಕಿತ್ತು, ಅಲ್ವಾ? ಲೆಕ್ಕ ನೋಡಿ. 1977ರಿಂದ ಇವತ್ತಿನವರೆಗೆ, ಹೆಚ್ಚು ಕಡಿಮೆ ಐವತ್ತು ವರ್ಷದಲ್ಲಿ ಅವರು ಮಾಡಿರೋ ಕಥಾಚಿತ್ರಗಳು ಸುಮಾರು ಹದಿನೈದು. ಮೊದಲ ಸ್ವರ್ಣಕಮಲಕ್ಕೂ ಎರಡನೆಯದಕ್ಕೂ ನಡುವೆ ಒಂಬತ್ತು ವರ್ಷ. ಎರಡಕ್ಕೂ ಮೂರಕ್ಕೂ ನಡುವೆ ಹನ್ನೊಂದು ವರ್ಷ. 'ಕೂರ್ಮಾವತಾರ' ಆದಮೇಲೆ ಜಯಂತ ಕಾಯ್ಕಿಣಿಯವರ ಕಥೆ ಇಟ್ಟುಕೊಂಡು 'ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ' ಮಾಡೋ ಹೊತ್ತಿಗೆ ಮತ್ತೆ ಸುಮಾರು ಒಂಬತ್ತು ವರ್ಷ. ಪ್ರಶಸ್ತಿ ಅನ್ನೋದು ಗೋಡೆ ಮೇಲೆ ಹೊಳೆಯುತ್ತೆ ಸ್ವಾಮಿ. ಮುಂದಿನ ಸಿನಿಮಾಕ್ಕೆ ಅದು ಅಡ್ವಾನ್ಸ್ ಕೊಡಲ್ಲ.

ಇಲ್ಲಿ ಒಂದು ವಿಷಯ ನೀವು ಗಮನಿಸಬೇಕು. ಸ್ವರ್ಣಕಮಲ ನಿರ್ದೇಶಕರಿಗೆ ಮಾತ್ರ ಅಲ್ಲ, ನಿರ್ಮಾಪಕರಿಗೂ ಹೋಗುತ್ತೆ. 'ತಾಯಿ ಸಾಹೇಬ' ನಿರ್ಮಾಣ ಮಾಡಿದ್ದು ಯಾರು? ಜಯಮಾಲ. 'ದ್ವೀಪ' ನಿರ್ಮಾಣ ಮಾಡಿದ್ದು ಯಾರು? ಸೌಂದರ್ಯ. ಇಬ್ಬರೂ ಕಮರ್ಷಿಯಲ್ ಸಿನಿಮಾದ ದೊಡ್ಡ ನಾಯಕಿಯರು. ಹೀರೋ ಜೊತೆ ಕುಣಿದು ಸಂಪಾದಿಸಿದ ದುಡ್ಡನ್ನ ತಂದು ಇಂಥ ಸಿನಿಮಾಕ್ಕೆ ಹಾಕಿದರು. ಕೋಟಿಗಟ್ಟಲೆ ಸಂಭಾವನೆ ತಗೊಳ್ಳೋ ನಮ್ಮ ಗಂಡು ಸ್ಟಾರ್‌ಗಳಲ್ಲಿ ಎಷ್ಟು ಜನ ಈ ಧೈರ್ಯ ಮಾಡಿದ್ದಾರೆ? ಪ್ರಶ್ನೆ ಕೇಳಿ ಬಿಡ್ತೀನಿ. ಉತ್ತರ ನಿಮಗೇ ಗೊತ್ತು.

'ದ್ವೀಪ'ದ ಮಾತು ಬಂತಲ್ಲ. ಅದು ನಾ. ಡಿಸೋಜ ಅವರ ಕಾದಂಬರಿ. ಅಣೆಕಟ್ಟು ಕಟ್ಟಿದಾರೆ, ನೀರು ಏರ್ತಾ ಇದೆ. ಊರೆಲ್ಲ ಖಾಲಿ. ಒಂದು ಸಂಸಾರ ಮಾತ್ರ ಗುಡ್ಡ ಬಿಟ್ಟು ಹೋಗಲ್ಲ ಅಂತ ಕೂತಿದೆ. ಸುರಿಯೋ ಮಳೆಯಲ್ಲಿ ಮನೆ, ಗಂಡ, ಬದುಕು ಎಲ್ಲವನ್ನೂ ಕಾಪಾಡೋಳು ನಾಗಿ. ಆ ಪಾತ್ರ ಸೌಂದರ್ಯ ಮಾಡಿದ್ದು. ಮಳೆ ನಿಂತಾಗ ಗಂಡ ಏನಂತಾನೆ? ದೇವರು ಕಾಪಾಡಿದ ಅಂತಾನೆ. ರಾತ್ರಿಯೆಲ್ಲ ಒದ್ದಾಡಿದ ಹೆಂಡತಿಯ ಹೆಸರು ಅವನ ಬಾಯಲ್ಲಿ ಬರಲ್ಲ. ದುಡಿಮೆ ಒಬ್ಬರದು, ಕೀರ್ತಿ ಇನ್ನೊಬ್ಬರದು. ಮನ್ನಣೆ ಅಂದರೇನು ಅಂತ ಕೇಳೋರು ಆ ಒಂದು ದೃಶ್ಯ ನೋಡಿದರೆ ಸಾಕು. ನಮ್ಮ ಎಷ್ಟು ಮನೆಗಳಲ್ಲಿ ಇವತ್ತೂ ಅದೇ ನಡೀತಿಲ್ಲ ಹೇಳಿ?

ಇನ್ನೂ ಒಂದು ಮಾತು. ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ ಅರವತ್ತು ವರ್ಷ ದಾಟಿತು. ನಾಡಿಗೆಲ್ಲ ಬೆಳಕು ಕೊಡೋಕೆ ಮುಳುಗಿದ ಕುಟುಂಬಗಳು ಇವತ್ತಿಗೂ ಭೂಮಿ ಹಕ್ಕಿಗೆ ಅರ್ಜಿ ಹಿಡ್ಕೊಂಡು ಓಡಾಡ್ತಿವೆ. ಸಾಗರ, ಹೊಸನಗರದ ಕಡೆ ಪ್ರತಿಭಟನೆ ಆದಾಗ ನಮ್ಮ ವರದಿಗಾರರು ಹೋಗಿ ಎರಡು ನಿಮಿಷದ ಸ್ಟೋರಿ ಮಾಡ್ತಾರೆ. ಮಾರನೇ ದಿನ ಮರೀತೀವಿ. 'ದ್ವೀಪ' ಮರೆತಿಲ್ಲ. ನಾವು ಎರಡು ನಿಮಿಷದಲ್ಲಿ ಮುಗಿಸಿದ್ದನ್ನ ಒಂದು ಸಿನಿಮಾ ಇಷ್ಟು ವರ್ಷ ಹೊತ್ತುಕೊಂಡು ನಿಂತಿದೆ.

'ತಬರನ ಕಥೆ'ಯೂ ಹಾಗೇ. ಪೂರ್ಣಚಂದ್ರ ತೇಜಸ್ವಿಯವರ ಕಥೆ. ಕೆಳಗಿನ ದರ್ಜೆಯ ಒಬ್ಬ ಸರ್ಕಾರಿ ನೌಕರ, ನಿವೃತ್ತನಾಗಿದ್ದಾನೆ. ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೀತಾನೆ. ಮನೆಯಲ್ಲಿ ಹೆಂಡತಿಯ ಕಾಲು ಕೊಳೀತಾ ಇದೆ. ಔಷಧಿಗೆ ಕಾಸಿಲ್ಲ. ಹೆಂಡತಿ ಹೋದಮೇಲೆ ಪಿಂಚಣಿ ಬಂದರೆಷ್ಟು, ಬಿಟ್ಟರೆಷ್ಟು? ತಬರನ ಪಾತ್ರ ಮಾಡಿದ ಚಾರುಹಾಸನ್ ಅವರಿಗೆ ಅತ್ಯುತ್ತಮ ನಟ ಪ್ರಶಸ್ತಿ ಬಂತು. ಸಿನಿಮಾ ಬಂದು ಸುಮಾರು ನಲವತ್ತು ವರ್ಷ. ವಾರಕ್ಕೆ ಒಂದಾದರೂ ಫೋನ್ ನಮ್ಮ ಆಫೀಸಿಗೆ ಬರುತ್ತೆ. ವೃದ್ಧಾಪ್ಯ ವೇತನ ನಿಂತುಹೋಗಿದೆ ಸಾರ್, ಆಧಾರ್ ಲಿಂಕ್ ಆಗಿಲ್ಲ ಅಂತಾರೆ, ಬೆರಳಚ್ಚು ಮ್ಯಾಚ್ ಆಗ್ತಿಲ್ಲ ಅಂತಾರೆ, ಇವತ್ತು ಬಾ ನಾಳೆ ಬಾ ಅಂತಾರೆ. ಫೈಲ್ ಹೋಗಿ ಕಂಪ್ಯೂಟರ್ ಬಂದಿದೆ, ತಬರ ಹಾಗೇ ಇದ್ದಾನೆ. ಈ ರಾಜ್ಯದಲ್ಲಿ ಸರ್ಕಾರಿ ಕೆಲಸಕ್ಕೆ ಸೇರೋ ಪ್ರತಿಯೊಬ್ಬರಿಗೂ ತರಬೇತಿಯ ಮೊದಲ ದಿನ ಈ ಸಿನಿಮಾ ತೋರಿಸಬೇಕು ಅಂತ ನಾನು ಹೇಳಿದರೆ ಅದು ತಮಾಷೆ ಅಲ್ಲ.

ಈಗ ನಮ್ಮ ಬುಡಕ್ಕೇ ಬರೋಣ. ನ್ಯೂಸ್ ಚಾನೆಲ್‌ನವರ ಬುಡಕ್ಕೆ.

2008ರ 'ಗುಲಾಬಿ ಟಾಕೀಸ್'. ವೈದೇಹಿಯವರ ಕಥೆ. ಕರಾವಳಿಯ ಮೀನುಗಾರರ ಊರು, ಕಾರ್ಗಿಲ್ ಯುದ್ಧದ ಆಸುಪಾಸಿನ ಕಾಲ. ಗುಲಾಬಿ ಅಂತ ಒಬ್ಬ ಮುಸ್ಲಿಂ ಸೂಲಗಿತ್ತಿ. ಸಿನಿಮಾ ಹುಚ್ಚಿನ ಹೆಂಗಸು. ಒಂದು ಹೆರಿಗೆ ಮಾಡಿಸಿದ್ದಕ್ಕೆ ಅವಳ ಮನೆಗೆ ಡಿಶ್ ಸಮೇತ ಕಲರ್ ಟಿವಿ ಬರುತ್ತೆ. ಮೊದಲು ಊರಿನ ಹೆಂಗಸರೆಲ್ಲ ಅಲ್ಲಿ ಸೇರ್ತಾರೆ. ನಗ್ತಾರೆ, ಕಷ್ಟ ಸುಖ ಹೇಳ್ಕೊಳ್ತಾರೆ. ಆಮೇಲೆ ಊರಿನ ಗಾಳಿ ಕೆಡುತ್ತೆ. ಎಲ್ಲರನ್ನೂ ಮನೆಗೆ ಸೇರಿಸಿಕೊಂಡ ಗುಲಾಬಿಯೇ ಕೊನೆಗೆ ಹೊರಗಿನವಳಾಗಿಬಿಡ್ತಾಳೆ. ಈ ಸಿನಿಮಾ ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆ ಡಬ್ಬದ ಒಳಗೆ ಕೂತು ಮಾತಾಡೋನು ನಾನೇ ಅಲ್ವಾ? ನಾನು ಜನರನ್ನ ಒಂದೇ ಚಾಪೆ ಮೇಲೆ ಕೂರಿಸ್ತಾ ಇದ್ದೀನಾ, ಚಾಪೆ ಹರೀತಾ ಇದ್ದೀನಾ? ಈ ಪ್ರಶ್ನೆಯನ್ನ ನಮ್ಮ ಕಸುಬಿನವರೆಲ್ಲ ದಿನಕ್ಕೊಮ್ಮೆ ಕೇಳ್ಕೋಬೇಕು.

'ಕೂರ್ಮಾವತಾರ' ಕೂಡ ನಮ್ಮ ಕಡೆಗೇ ಕನ್ನಡಿ ಹಿಡಿಯುತ್ತೆ. ಕುಂ. ವೀರಭದ್ರಪ್ಪನವರ ಕಥೆ. ಒಬ್ಬ ಸಾಧಾರಣ ಸರ್ಕಾರಿ ನೌಕರನಿಗೆ ಟಿವಿ ಧಾರಾವಾಹಿಯಲ್ಲಿ ಗಾಂಧಿ ಪಾತ್ರ ಸಿಗುತ್ತೆ. ಮುಖದಲ್ಲಿ ಹೋಲಿಕೆ ಇದೆ ಅನ್ನೋದಷ್ಟೇ ಕಾರಣ. ಆಮೇಲೆ ಜನ ಅವನಲ್ಲಿ ಗಾಂಧಿಯನ್ನೇ ಹುಡುಕ್ತಾರೆ. ಪರದೆ ಮೇಲೆ ದೊಡ್ಡವನಾಗೋದು ಸುಲಭ, ಪರದೆಯಿಂದ ಇಳಿದ ಮೇಲೆ? ಟಿವಿಯಲ್ಲಿ ಮುಖ ತೋರಿಸೋ ನಮಗೆಲ್ಲ ಇದು ಪಾಠ.

'ಗುಲಾಬಿ ಟಾಕೀಸ್' ಚಿತ್ರಕ್ಕೆ ಉಮಾಶ್ರೀ ಅವರಿಗೆ ಅತ್ಯುತ್ತಮ ನಟಿ ರಾಷ್ಟ್ರಪ್ರಶಸ್ತಿ ಬಂತು. ನೆನಪಿಸಿಕೊಳ್ಳಿ. ನಮ್ಮ ಸಿನಿಮಾಗಳು ವರ್ಷಗಟ್ಟಲೆ ಆಕೆಯನ್ನ ಬಳಸಿಕೊಂಡಿದ್ದು ಹೆಚ್ಚಾಗಿ ನಗಿಸೋಕೆ. ಒಳಗಡೆ ಎಂಥ ಕಲಾವಿದೆ ಇದ್ದಾರೆ ಅಂತ ದೇಶಕ್ಕೆ ಗೊತ್ತಾಗೋಕೆ ಒಂದು ಗುಲಾಬಿ ಪಾತ್ರ ಬೇಕಾಯಿತು. 2004ರ 'ಹಸೀನಾ' ಚಿತ್ರಕ್ಕೆ ತಾರಾ ಅವರಿಗೆ ಅದೇ ಪ್ರಶಸ್ತಿ. ಕಾಸರವಳ್ಳಿಯವರ ಪ್ರಶಸ್ತಿ ಪಟ್ಟಿ ನೋಡಿದರೆ ಅದರಲ್ಲಿ ಅವರೊಬ್ಬರ ಹೆಸರೇ ಇಲ್ಲ. ನಟಿಯರು, ಬಾಲನಟ, ಛಾಯಾಗ್ರಾಹಕರು, ಸಂಗೀತಗಾರರು, ಎಲ್ಲರೂ ಇದ್ದಾರೆ. ಒಳ್ಳೆ ನಿರ್ದೇಶಕನ ಗುರುತು ಇದೇ.

'ಹಸೀನಾ' ಕಥೆ ಯಾರದ್ದು? ಬಾನು ಮುಷ್ತಾಕ್ ಅವರದ್ದು. 'ಕರಿ ನಾಗರಗಳು'. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಮತ್ತು ಅನುವಾದಕಿ ದೀಪಾ ಭಾಸ್ತಿ ಅವರಿಗೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತಲ್ಲ, ಆ ಪುಸ್ತಕದಲ್ಲಿ ಈ ಕಥೆಯೂ ಇದೆ. ಲಂಡನ್ನಿನಿಂದ ಸುದ್ದಿ ಬಂದ ಮೇಲೆ ನಾವೆಲ್ಲ ಕ್ಯಾಮರಾ ಹಿಡ್ಕೊಂಡು ಹಾಸನಕ್ಕೆ ಓಡಿದೆವು. ಕಾಸರವಳ್ಳಿ ಅದಕ್ಕೂ ಇಪ್ಪತ್ತೊಂದು ವರ್ಷ ಮೊದಲೇ ಆ ಕಥೆಯ ಬೆಲೆ ಗುರುತಿಸಿ ಸಿನಿಮಾ ಮಾಡಿ ಮುಗಿಸಿದ್ದರು! ಹೊರಗಿನವರು ಶಹಬ್ಬಾಸ್ ಅಂದಮೇಲೆ ನಾವು ಚಪ್ಪಾಳೆ ಹೊಡೀತೀವಿ. ಹಿತ್ತಲ ಗಿಡ ಮದ್ದಲ್ಲ ಅನ್ನೋ ಗಾದೆ ಸುಮ್ಮನೆ ಹುಟ್ಟಿಲ್ಲ.

ಅನಂತಮೂರ್ತಿ, ತೇಜಸ್ವಿ, ರಂ.ಶಾ. ಲೋಕಾಪುರ, ನಾ. ಡಿಸೋಜ, ಬಾನು ಮುಷ್ತಾಕ್, ಎಸ್.ಎಲ್. ಭೈರಪ್ಪ, ವೈದೇಹಿ, ಅಮರೇಶ ನುಗಡೋಣಿ, ಕುಂವೀ, ಕಾಯ್ಕಿಣಿ. ಇವರೆಲ್ಲರ ಬರವಣಿಗೆ ಇವರ ಕೈಯಲ್ಲಿ ಸಿನಿಮಾ ಆಯಿತು. ಮಲೆನಾಡಿನ ಅಗ್ರಹಾರ, ಉತ್ತರ ಕರ್ನಾಟಕದ ವಾಡೆ, ಕರಾವಳಿಯ ದೋಣಿ, ಮುಸ್ಲಿಂ ಹೆಣ್ಣುಮಗಳ ಅಡುಗೆಮನೆ. ಈ ಹದಿನೈದು ಸಿನಿಮಾ ಸಾಲಾಗಿ ನೋಡಿದರೆ ಕರ್ನಾಟಕವನ್ನ ಒಂದು ಸುತ್ತು ಹಾಕಿ ಬಂದ ಹಾಗೆ.

ಹಾಗಾದರೆ ಜನ ಯಾಕೆ ನೋಡಲಿಲ್ಲ?

ಒಂದು ಉತ್ತರ ರೆಡಿ ಇದೆ. "ಅಯ್ಯೋ, ಅದು ಅವಾರ್ಡ್ ಫಿಲ್ಮು ಸಾರ್, ಸ್ಲೋ ಇರುತ್ತೆ." ನಮ್ಮಲ್ಲಿ 'ಅವಾರ್ಡ್ ಫಿಲ್ಮು' ಅನ್ನೋದು ಬೈಗುಳ ಆಗಿಬಿಟ್ಟಿದೆ. ಪ್ರಶಸ್ತಿ ಬಂತು ಅಂದ ತಕ್ಷಣ ಥಿಯೇಟರ್‌ನವರು ಹೆದರ್ತಾರೆ, ಹಂಚಿಕೆದಾರರು ಕೈ ಮುಗೀತಾರೆ. ಈ ಮಾತಿನಲ್ಲಿ ಸ್ವಲ್ಪ ನಿಜ ಇದೆ, ನಾನು ಸುಳ್ಳು ಹೇಳಲ್ಲ. ಈ ಸಿನಿಮಾಗಳು ನಿಧಾನ. ಶಿಳ್ಳೆ ಹೊಡೆಯೋ ಡೈಲಾಗ್ ಇಲ್ಲ. ದಿನವಿಡೀ ದುಡಿದು ಬಂದ ಮನುಷ್ಯ ಎರಡೂವರೆ ಗಂಟೆ ನಕ್ಕು ಹಗುರಾಗಬೇಕು ಅಂದರೆ ಅದರಲ್ಲಿ ತಪ್ಪೇನೂ ಇಲ್ಲ. ಆದರೆ ನೋಡಿ ಬೇಡ ಅನ್ನೋದು ಬೇರೆ, ನೋಡೋಕೇ ಸಿಗದೇ ಇರೋದು ಬೇರೆ. ಜನ ತಿರಸ್ಕರಿಸಿದರು ಅಂತ ತೀರ್ಪು ಕೊಡೋಕೆ ಮುಂಚೆ ಜನರ ಮುಂದೆ ಇಟ್ಟಿದ್ದೆವಾ ಅಂತ ಕೇಳ್ಕೋಬೇಕಲ್ಲವಾ?

ದೂರದರ್ಶನದ ಕಾಲ ನೆನಪಿದೆಯಾ? ಭಾನುವಾರ ಮಧ್ಯಾಹ್ನ ಊಟ ಆದಮೇಲೆ ಪ್ರಶಸ್ತಿ ಬಂದ ಪ್ರಾದೇಶಿಕ ಭಾಷೆಯ ಸಿನಿಮಾಗಳು ಬರ್ತಿದ್ದವು. ಬಂಗಾಳಿ, ಮಲಯಾಳಂ, ಒಂದೊಂದು ಸಲ ನಮ್ಮ ಕನ್ನಡ. ಬೇರೆ ಚಾನೆಲ್ ಇರಲಿಲ್ಲ, ಹಾಗಾಗಿ ಬೇಜಾರಾದರೂ ನೋಡ್ತಿದ್ದೆವು. ನೋಡ್ತಾ ನೋಡ್ತಾ ಅಭಿರುಚಿ ಬೆಳೀತು. ಇವತ್ತು ನೂರಾರು ಚಾನೆಲ್ ಇವೆ, ಮೊಬೈಲಿನಲ್ಲಿ ಲಕ್ಷಾಂತರ ಗಂಟೆಯ ವಿಡಿಯೋ ಇದೆ. ಮೇಷ್ಟ್ರಿಗೆ ಬೇಕಾದ ಸಿನಿಮಾ ಮಾತ್ರ ಸಿಗಲ್ಲ.

ಮತ್ತೆ 'ಘಟಶ್ರಾದ್ಧ'ಕ್ಕೆ ಬರ್ತೀನಿ. ಫಿಲ್ಮ್ ರೀಲಿಗೂ ಮನುಷ್ಯನ ಹಾಗೆ ಆಯಸ್ಸು ಇದೆ. ಗೀರು ಬೀಳುತ್ತೆ, ಬೂಷ್ಟು ಹಿಡಿಯುತ್ತೆ. ಆ ಸಿನಿಮಾವನ್ನ ಉಳಿಸಿ, ತೊಳೆದು, ಹೊಸದು ಮಾಡಿದವರು ಯಾರು? ಮುಂಬೈನ ಫಿಲ್ಮ್ ಹೆರಿಟೇಜ್ ಫೌಂಡೇಶನ್, ಅಮೆರಿಕದ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸಿ ಕಟ್ಟಿದ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್. ದುಡ್ಡು ಕೊಟ್ಟಿದ್ದು 'ಸ್ಟಾರ್ ವಾರ್ಸ್' ಮಾಡಿದ ಜಾರ್ಜ್ ಲ್ಯೂಕಾಸ್ ಕುಟುಂಬದ ಪ್ರತಿಷ್ಠಾನ. 2024ರಲ್ಲಿ ವೆನಿಸ್ ಚಿತ್ರೋತ್ಸವದ ಕ್ಲಾಸಿಕ್ಸ್ ವಿಭಾಗದಲ್ಲಿ ಅದು ಮತ್ತೆ ತೆರೆ ಕಂಡಿತು. ನಲವತ್ತೇಳು ವರ್ಷ ಹಳೆಯ ಕನ್ನಡ ಸಿನಿಮಾ, ಇಟಲಿಯಲ್ಲಿ! ಅದಕ್ಕೆ ದುಡ್ಡು ಹಾಕಿ ಜೀವ ಕೊಟ್ಟ ಸದಾನಂದ ಸುವರ್ಣರು ಅದೇ ವರ್ಷ ತೀರಿಕೊಂಡರು. ಆ ಸಾವಿನ ಸುದ್ದಿಗೆ ನಮ್ಮ ಬುಲೆಟಿನ್‌ನಲ್ಲಿ ಎಷ್ಟು ಸೆಕೆಂಡ್ ಸಿಕ್ಕಿತ್ತು ಅಂತ ಹೇಳೋಕೆ ನನಗೆ ನಾಚಿಕೆ ಆಗುತ್ತೆ.

ಸ್ಕಾರ್ಸೆಸಿಗೆ, ಲ್ಯೂಕಾಸ್‌ಗೆ ಕೈ ಮುಗಿಯೋಣ. ಆದರೆ ನಮ್ಮ ಮನೆಯ ದೀಪಕ್ಕೆ ಅಮೆರಿಕದಿಂದ ಎಣ್ಣೆ ಬರಬೇಕಾ? ನಾವು ಬೀದಿ ಬೀದಿಯಲ್ಲಿ ಕನ್ನಡ ಬಾವುಟ ಕಟ್ತೀವಿ, ನವೆಂಬರ್ ತಿಂಗಳಿಡೀ ಆರ್ಕೆಸ್ಟ್ರಾ ಮಾಡ್ತೀವಿ. ಒಂದೊಂದು ರಾಜ್ಯೋತ್ಸವದಲ್ಲಿ ಒಂದು ಸಂಜೆ ಆರ್ಕೆಸ್ಟ್ರಾ ಬದಲು ಬಿಳಿ ಪರದೆ ಕಟ್ಟಿ 'ದ್ವೀಪ' ತೋರಿಸಿದರೆ ಆಕಾಶ ಬೀಳುತ್ತಾ? ತಾಲ್ಲೂಕಿಗೊಂದು ಗ್ರಂಥಾಲಯ ಇದೆ, ಕಾಲೇಜಿಗೊಂದು ಪ್ರೊಜೆಕ್ಟರ್ ಇದೆ. ನಿರ್ಮಾಪಕರಿಗೆ ನ್ಯಾಯವಾದ ದುಡ್ಡು ಕೊಟ್ಟು, ಸ್ವರ್ಣಕಮಲ ಬಂದ ಆರು ಸಿನಿಮಾಗಳ ಪ್ರದರ್ಶನದ ಹಕ್ಕು ಪಡೆದು, ಅವನ್ನ ಗ್ರಂಥಾಲಯಗಳಿಗೆ ಕೊಡೋದು ಸರ್ಕಾರಕ್ಕೆ ಅಸಾಧ್ಯವಾದ ಕೆಲಸ ಅಲ್ಲ. ಪ್ರಶಸ್ತಿ ಬಂದಾಗ ಶುಭಾಶಯದ ಪೋಸ್ಟ್ ಹಾಕೋ ಮಂತ್ರಿಗಳು ಇದನ್ನ ಒಂದು ಕಡತದಲ್ಲಿ ಬರೆಯಲಿ.

ಇನ್ನು ನಾವು. ಬೇರೆಯವರಿಗೆ ಹೇಳಿ ನಾವು ಸುಮ್ಮನಿದ್ದರೆ ಆಗಲ್ಲ. ಈ ಮಾತು ಬರೆಯೋಕೆ ಮುಂಚೆ ನಮ್ಮ ಚಾನೆಲ್‌ನಲ್ಲಿ ಕೇಳಿದೆ: ತಿಂಗಳಿಗೊಂದು ಭಾನುವಾರ ಅರ್ಧ ಗಂಟೆ ಇಂಥ ಸಿನಿಮಾ ಬಗ್ಗೆ ಕೊಡಿ ಅಂತ. ಟಿಆರ್‌ಪಿ ಬರಲ್ಲ ಅಂದರು. ಜಗಳ ಆಡಿದೆ. ಮೂರು ತಿಂಗಳು ನೋಡೋಣ ಅಂದಿದ್ದಾರೆ. ಗೆಲ್ಲಿಸೋದು, ಸೋಲಿಸೋದು ನಿಮ್ಮ ಕೈಯಲ್ಲಿರೋ ರಿಮೋಟ್. ಇನ್ನೊಂದು ಮಾತು ಕೊಡ್ತೀನಿ: ಮುಂದಿನ ವರ್ಷ ಪ್ರಶಸ್ತಿ ಪಟ್ಟಿ ಬಂದಾಗ ಕನ್ನಡದ ಸಿನಿಮಾ ಕೆಳಗಿನ ಪಟ್ಟಿಯಲ್ಲಿ ಓಡಲ್ಲ. ಕನಿಷ್ಠ ನನ್ನ ಬುಲೆಟಿನ್‌ನಲ್ಲಿ ಓಡಲ್ಲ.

ನಿನ್ನೆ ಮೇಷ್ಟ್ರಿಗೆ ವಾಪಸ್ ಫೋನ್ ಮಾಡಿದೆ. "ಪೂರ್ತಿ ಉತ್ತರ ಇನ್ನೂ ಸಿಕ್ಕಿಲ್ಲ ಮೇಷ್ಟ್ರೇ, ಹುಡುಕ್ತಾ ಇದ್ದೀನಿ" ಅಂದೆ. ಅವರು ನಕ್ಕು, "ಬೇಗ ಹುಡುಕಪ್ಪಾ, ನನಗೆ ಎಪ್ಪತ್ತೆಂಟಾಯಿತು" ಅಂದರು.

ಒಬ್ಬ ನಿರ್ದೇಶಕನಿಗೆ ದೇಶ ಕೊಡಬೇಕಾದ ಪ್ರಶಸ್ತಿಗಳನ್ನೆಲ್ಲ ಹೆಚ್ಚು ಕಡಿಮೆ ಕೊಟ್ಟಾಗಿದೆ. ನಾವು ಕೊಡಬೇಕಾದ ಪ್ರಶಸ್ತಿ ಒಂದೇ ಬಾಕಿ. ಕೂತು ನೋಡೋದು.